ನಾಲ್ಕು ತಿಂಗಳ ಮಳೆ ಕಳೆದು ಬಾರ್ಬೆಕ್ಯೂ ಗ್ರಿಲ್ ತೆರೆದರೆ ತುಕ್ಕು, ಬೂಷ್ಟು, ಕಿಟ್ಟ. ಉಳಿಸಿಕೊಳ್ಳಬಹುದೇ?

ಕಾಪು ಕಡಲು
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕಾಪುವಿನಲ್ಲಿ, ಸಮುದ್ರದಿಂದ ಕೂಗಳತೆಯ ದೂರದಲ್ಲಿದೆ. ಎರಡು ವರ್ಷದ ಹಿಂದೆ ಮೂರು ಕಾಲಿನ, ಗುಂಡು ಮುಚ್ಚಳದ ಇದ್ದಿಲಿನ ಗ್ರಿಲ್ ತೆಗೆದುಕೊಂಡೆವು. ಈ ವರ್ಷ ಮೇ ಕೊನೆಯಲ್ಲಿ ಬಂಗುಡೆ, ಕೋಳಿ ಸುಟ್ಟ ರಾತ್ರಿ "ನಾಳೆ ತೊಳೆದರಾಯಿತು" ಎಂದು ಹಾಗೆಯೇ ಬಿಟ್ಟೆವು. ಬೆಳಗಾಗುವುದರೊಳಗೆ ಮಳೆ ಹಿಡಿಯಿತು. ದಪ್ಪ ಪ್ಲಾಸ್ಟಿಕ್ ಹೊದಿಸಿ, ಹಗ್ಗ ಬಿಗಿದು, ಹಿತ್ತಲಿನ ಮಾಡಿನ ಕೆಳಗೆ ಸರಿಸಿದ್ದಷ್ಟೇ. ಆಮೇಲೆ ಆಟಿ, ಸೋಣ, ಚೌತಿ, ನವರಾತ್ರಿ ಎಂದು ಅದರ ನೆನಪೇ ಬರಲಿಲ್ಲ.

ನಿನ್ನೆ ಹೊದಿಕೆ ಬಿಚ್ಚಿದೆ. ಒಳಗಿನಿಂದ ಹಳೆಯ ಎಣ್ಣೆಯ ಕಮಟು ವಾಸನೆ ಬಂತು. ಜಾಲರಿಯ ಮೇಲೆ ಬಿಳಿ ಬೂಷ್ಟು ನವಿರಾಗಿ ಎದ್ದು ನಿಂತಿದೆ. ಅದರ ಕೆಳಗೆ ಕಂಬಿಯನ್ನು ಉಗುರಿನಿಂದ ಕೆರೆದರೆ ಕಿತ್ತಳೆ ಬಣ್ಣದ ಚಕ್ಕೆ ಏಳುತ್ತದೆ. ತಳದ ಬೂದಿ ಸುಣ್ಣದ ಗಾರೆಯಂತೆ ಗಟ್ಟಿಯಾಗಿದೆ. ಮುಚ್ಚಳದ ಒಳಬದಿಯಲ್ಲಿ ಕಪ್ಪು ಬಣ್ಣ ಹಪ್ಪಳದ ಹಾಗೆ ಸುಲಿದು ಬರುತ್ತಿದೆ.

ಇನ್ನು ಎರಡು ವಾರಕ್ಕೆ ತಮ್ಮ ದುಬೈನಿಂದ ಮಕ್ಕಳ ಜೊತೆ ಬರುತ್ತಾನೆ. ಮಕ್ಕಳು ಫೋನಿನಲ್ಲಿ ಕೇಳುವುದು ಇದನ್ನೇ. ಅಮ್ಮ ಗುಜರಿಗೆ ಹಾಕು ಎನ್ನುತ್ತಾರೆ. ಹಾರ್ಡ್‌ವೇರ್ ಅಂಗಡಿಯವರು ಆಸಿಡ್ ಹಾಕಿ ಉಜ್ಜಲು ಹೇಳಿದರು. ಏನು ಮಾಡಲಿ?

ಕುಂದಾಪುರ ಬಂಗುಡೆ
ಅಕ್ಕಾ, ಆಸಿಡ್ ಮಾತ್ರ ಬೇಡ. ಮೊದಲು ಅದನ್ನು ಹೇಳಿಬಿಡುತ್ತೇನೆ. ಉಳಿದದ್ದನ್ನು ಸಂಜೆ ಬರೆಯುತ್ತೇನೆ.

ಡಲ್ಲಾಸ್ ಕನ್ನಡಿಗ
ಮುಚ್ಚಳದ ಒಳಗೆ ಸುಲಿಯುತ್ತಿರುವುದು ಬಣ್ಣವಲ್ಲ, ಗಾಬರಿಯಾಗಬೇಡಿ. ಇಲ್ಲಿಯೂ ಹೊಸದಾಗಿ ಗ್ರಿಲ್ ತಂದವರೆಲ್ಲ ಇದೇ ದೂರು ಹೇಳುತ್ತಾರೆ. ಹೊಗೆ ಮತ್ತು ಎಣ್ಣೆಯ ಆವಿ ಪದರ ಪದರವಾಗಿ ಕೂತು ಇಂಗಾಲವಾಗುತ್ತದೆ. ದಪ್ಪವಾದಾಗ ಚಕ್ಕೆಯಾಗಿ ಬಿಡುತ್ತದೆ. ಒಂದು ಚಕ್ಕೆಯನ್ನು ಬೆರಳಿನಲ್ಲಿ ಹಿಸುಕಿ ನೋಡಿ, ಪುಡಿಯಾಗಿ ಮಸಿಯಂತೆ ಹತ್ತಿದರೆ ಕಿಟ್ಟ. ಮುದ್ದೆ ಮಾಡಿದ ಹಳೆಯ ಪತ್ರಿಕೆಯಿಂದ ಒಣಗಿದ್ದಾಗಲೇ ಒರೆಸಿ ಕೆಡವಿ. ಬಿಟ್ಟರೆ ಅದು ಮೀನಿನ ಮೇಲೆ ಬೀಳುತ್ತದೆ.

ಸಕಲೇಶಪುರ ತೋಟ
ಇಷ್ಟೊಂದು ಯೋಚನೆ ಯಾಕೆ? ನಮ್ಮ ಹೋಂಸ್ಟೇಯಲ್ಲಿ 200 ಲೀಟರಿನ ಡ್ರಮ್ ಉದ್ದಕ್ಕೆ ಸೀಳಿ ಮಾಡಿದ ಒಲೆ ಹತ್ತು ವರ್ಷದಿಂದ ಇದೆ. ನಮ್ಮ ಮಳೆ ನಿಮಗೆ ಗೊತ್ತೇ ಇದೆ. ಮಳೆಗಾಲ ಮುಗಿದ ಮೇಲೆ ಒಂದು ಹೊರೆ ಸೌದೆ ಹಾಕಿ ಧಗಧಗ ಉರಿಸುತ್ತೇವೆ. ಬೂಷ್ಟು, ಜಿಡ್ಡು ಎಲ್ಲ ಬೂದಿಯಾಗುತ್ತದೆ. ಮೇಲೆ ಹಾಸುವ ಜಾಲರಿ ಹಾಳಾದರೆ ಬೇಲಿಗೆ ತಂದ ಜಿಐ ಮೆಶ್‌ನಲ್ಲಿ ಒಂದು ತುಂಡು ಕತ್ತರಿಸಿ ಹಾಕಿದರೆ ಮುಗಿಯಿತು. ತುಕ್ಕೂ ಹಿಡಿಯುವುದಿಲ್ಲ.

ಲೋಹದ ಮೇಷ್ಟ್ರು
ತೋಟದವರೇ, ಆ ಮೆಶ್ ಇವತ್ತೇ ತೆಗೆದುಹಾಕಿ. ಮೂವತ್ತು ವರ್ಷ ಲೋಹಶಾಸ್ತ್ರ ಕಲಿಸಿದವನು ನಾನು, ಇದರಲ್ಲಿ ಸುಮ್ಮನಿರಲು ಆಗುವುದಿಲ್ಲ. ಜಿಐ ಎಂದರೆ ಕಬ್ಬಿಣದ ಮೇಲೆ ಸತುವಿನ ಲೇಪ. ಸತು ಕರಗುವುದು ಸುಮಾರು 420 ಡಿಗ್ರಿ ಸೆಲ್ಸಿಯಸ್‌ಗೆ. ಗಾಳಿ ಬೀಸಿದಾಗ ಕೆಂಪಗೆ ಹೊಳೆಯುವ ಕೆಂಡ ಅದನ್ನು ಸುಲಭವಾಗಿ ದಾಟುತ್ತದೆ. ಬಿಸಿ ಸತುವಿನಿಂದೇಳುವ ಬಿಳಿ ಹೊಗೆ ಕುಡಿದವರಿಗೆ ಚಳಿಜ್ವರ, ಮೈಕೈ ನೋವು ಬರುತ್ತದೆ; ಜಿಐ ಪೈಪು ಬೆಸೆಯುವ ವೆಲ್ಡರ್‌ಗಳನ್ನು ಕೇಳಿದರೆ ಅವರೇ ಹೇಳುತ್ತಾರೆ. ಇನ್ನೊಂದು ಮಾತು, ನಿಂಬೆ, ಹುಣಸೆ, ಮೊಸರು ಹಚ್ಚಿದ ಮಾಂಸವನ್ನು ಅದರ ಮೇಲೆ ಇಡುತ್ತೀರಿ. ಸತು ಹುಳಿಗೆ ಕರಗುತ್ತದೆ. ತುಕ್ಕು ಹಿಡಿಯದಿರುವುದೊಂದೇ ಅಡುಗೆಯ ಪಾತ್ರೆಯ ಗುಣವಲ್ಲ.

ಸಕಲೇಶಪುರ ತೋಟ
ಹತ್ತು ವರ್ಷದಲ್ಲಿ ಒಬ್ಬ ಅತಿಥಿಗೂ ಏನೂ ಆಗಿಲ್ಲ ಮೇಷ್ಟ್ರೇ.

ಲೋಹದ ಮೇಷ್ಟ್ರು
ಆಗಿದ್ದರೂ ಅವರು ಮನೆಗೆ ಹೋದ ಮೇಲೆ ಆಗಿರುತ್ತದೆ. ರಾತ್ರಿ ಬರುವ ಜ್ವರ ಒಂದು ದಿನದಲ್ಲಿ ಇಳಿಯುತ್ತದೆ, ತಣ್ಣೀರಿನಲ್ಲಿ ಸ್ನಾನ ಮಾಡಿದ್ದಕ್ಕೆ ಬಂತು ಎಂದುಕೊಳ್ಳುತ್ತಾರೆ. ಅದೂ ಅಲ್ಲದೆ, ಮೊದಲ ಕೆಲವು ಉರಿಗೇ ಸತು ಹೋಗಿಬಿಟ್ಟರೆ ಆಮೇಲೆ ಉಳಿಯುವುದು ಬರೀ ಕಬ್ಬಿಣ. ಆದ್ದರಿಂದ ಪ್ರತಿ ಬಾರಿ ಹೊಸ ತುಂಡು ಹಾಕುವುದೇ ಹೆಚ್ಚು ಕೆಟ್ಟದ್ದು. ಡ್ರಮ್‌ನಲ್ಲಿ ಮೊದಲು ಏನಿತ್ತು ಎಂಬುದನ್ನೂ ದಯವಿಟ್ಟು ಹೇಳಿ.

ಸಕಲೇಶಪುರ ತೋಟ
ಅಡುಗೆ ಎಣ್ಣೆಯ ಡ್ರಮ್. ಅದನ್ನು ವಿಚಾರಿಸಿಯೇ ತಂದದ್ದು.

ಹುಬ್ಬಳ್ಳಿ ರೊಟ್ಟಿ
ಕಾಪು ಅಕ್ಕನವರ ಪ್ರಶ್ನೆ ಅಲ್ಲೇ ಉಳಿಯಿತು. ಅಕ್ಕಾ, ನಿಮ್ಮ ಜಾಲರಿ ಬೀಡಿನದೋ, ಅಂದರೆ ಎರಕದ ಕಬ್ಬಿಣದ್ದೋ, ಕಂಬಿಯದೋ? ಬೀಡಿನದಾದರೆ ಚಿಂತೆ ಬಿಡಿ. ನಮ್ಮ ಅಜ್ಜಿಯ ರೊಟ್ಟಿ ಹಂಚು ಅಟ್ಟದ ಮೇಲೆ ಆರು ವರ್ಷ ಬಿದ್ದು ಪೂರ್ತಿ ತುಕ್ಕಾಗಿತ್ತು. ಹುಣಸೆ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಇಟ್ಟಿಗೆ ಪುಡಿಯಿಂದ ತಿಕ್ಕಿ, ತೊಳೆದು, ತಕ್ಷಣ ಒಲೆಯ ಮೇಲಿಟ್ಟು ಒಣಗಿಸಿದೆ. ತೆಳ್ಳಗೆ ಎಣ್ಣೆ ಒರೆಸಿ ಕಾಯಿಸುವುದು, ಆರಿಸುವುದು, ಮತ್ತೆ ಒರೆಸುವುದು. ಹೀಗೆ ನಾಲ್ಕು ಸಲ ಪಳಗಿಸಿದ ಮೇಲೆ ಈಗ ದಿನವೂ ಅದರ ಮೇಲೇ ರೊಟ್ಟಿ.

ಕಾಪು ಕಡಲು
ಬೀಡಲ್ಲ, ಕಂಬಿಯದು. ಮೊದಲು ಕನ್ನಡಿಯಂತೆ ಹೊಳೆಯುತ್ತಿತ್ತು. ಈಗ ಆ ಹೊಳಪು ಅಲ್ಲಲ್ಲಿ ಸಿಪ್ಪೆಯ ಹಾಗೆ ಎದ್ದಿದೆ.

ಲೋಹದ ಮೇಷ್ಟ್ರು
ಹಾಗಿದ್ದರೆ ಅದು ಮೆದು ಉಕ್ಕಿನ ಕಂಬಿಗೆ ಕ್ರೋಮ್ ಲೇಪ ಕೊಟ್ಟದ್ದು. ಲೇಪ ಏಳಲು ಶುರುವಾದ ಮೇಲೆ ಅದನ್ನು ಉಳಿಸುವ ದಾರಿಯಿಲ್ಲ. ಉಜ್ಜಿದಷ್ಟೂ ಏಳುತ್ತದೆ, ಎದ್ದ ಚೂರು ಊಟಕ್ಕೆ ಸೇರುತ್ತದೆ. ಜಾಲರಿಯನ್ನು ಮಾತ್ರ ಗುಜರಿಗೆ ಹಾಕಿ, ಉಳಿದ ಗ್ರಿಲ್ ಅನ್ನು ಖಂಡಿತ ಉಳಿಸಿಕೊಳ್ಳಿ. ಬೋಗುಣಿ ಮತ್ತು ಮುಚ್ಚಳಕ್ಕೆ ಎನಾಮಲ್ ಲೇಪವಿದ್ದರೆ, ಅದು ಗಾಜಿನ ಜಾತಿ, ಒಂದು ಮಳೆಗಾಲಕ್ಕೆ ಬಗ್ಗುವುದಿಲ್ಲ. ಎನಾಮಲ್ ಎಲ್ಲಿ ಚಕ್ಕೆ ಹಾರಿದೆಯೋ ಅಲ್ಲಿ ಮಾತ್ರ ತುಕ್ಕು ಇರುತ್ತದೆ. ಅದಕ್ಕೆ ಉಕ್ಕಿನ ಕೆರೆಯುವ ಕತ್ತಿ ತಾಗಿಸಬೇಡಿ.

ಆಸಿಡ್ ವಿಷಯ: ಅಂಗಡಿಯವರು ಹೇಳಿದ್ದು ಹೈಡ್ರೋಕ್ಲೋರಿಕ್ ಆಮ್ಲ ಇರಬೇಕು. ತುಕ್ಕನ್ನು ಅದು ತಿನ್ನುತ್ತದೆ, ಒಪ್ಪುತ್ತೇನೆ. ಆದರೆ ಸಂದಿಗಳಲ್ಲಿ ಉಳಿಯುವ ಕ್ಲೋರೈಡ್ ಮುಂದಿನ ತುಕ್ಕಿಗೆ ಬೀಜ. ಕಡಲ ಗಾಳಿಯಲ್ಲಿ ಇರುವುದೂ ಅದೇ ಕ್ಲೋರೈಡ್. ಈಗಾಗಲೇ ಉಪ್ಪು ತಿಂದ ಲೋಹಕ್ಕೆ ಮತ್ತಷ್ಟು ಉಣಿಸುವುದು ಬೇಡ.

ಜಯನಗರ ತಾರಸಿ
ನಾನು ಯಾವಾಗಲೂ ಅಡುಗೆ ಸೋಡಾ ಮತ್ತು ವಿನೆಗರ್ ಬೆರೆಸಿ ಹಾಕುತ್ತೇನೆ. ಬುಸ್ಸೆಂದು ನೊರೆ ಬಂದು ಎಲ್ಲ ಸ್ವಚ್ಛವಾಗುತ್ತದೆ.

ಲೋಹದ ಮೇಷ್ಟ್ರು
ನೊರೆ ನೋಡಲು ಚೆನ್ನ, ಕೆಲಸಕ್ಕೆ ಅಲ್ಲ. ಒಂದು ಕ್ಷಾರ, ಇನ್ನೊಂದು ಆಮ್ಲ. ಬೆರೆಸಿದರೆ ಒಂದನ್ನೊಂದು ಕೊಂದುಕೊಂಡು ಕೊನೆಗೆ ಉಳಿಯುವುದು ಸೋಡಿಯಂ ಅಸಿಟೇಟ್ ಎಂಬ ಲವಣದ ನೀರು ಅಷ್ಟೇ. ಜಿಡ್ಡಿಗೆ ಸೋಡಾ ಬೇರೆ ಬಳಸಿ, ತುಕ್ಕಿಗೆ ವಿನೆಗರ್ ಬೇರೆ ಬಳಸಿ. ನಡುವೆ ನೀರಿನಲ್ಲಿ ತೊಳೆಯಿರಿ.

ಜಯನಗರ ತಾರಸಿ
ಇಷ್ಟು ವರ್ಷ ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ. ಧನ್ಯವಾದ ಸರ್.

ಡಲ್ಲಾಸ್ ಕನ್ನಡಿಗ
ಯಾರೂ ಇನ್ನೂ ಹೇಳದ ಒಂದು ಮಾತು. ದಯವಿಟ್ಟು ತಂತಿ ಬ್ರಷ್ ಬಳಸಬೇಡಿ. ಮೂರು ವರ್ಷದ ಹಿಂದೆ ಮಗಳ ತಟ್ಟೆಗೆ ಕೋಳಿಯ ತುಂಡು ಹಾಕುವಾಗ ಏನೋ ಮಿನುಗಿತು. ಮೀಸೆಯ ಕೂದಲಿನಷ್ಟು ತೆಳ್ಳಗಿನ, ಅರ್ಧ ಅಂಗುಲದ ಉಕ್ಕಿನ ತಂತಿ ಮಾಂಸದಲ್ಲಿ ಚುಚ್ಚಿಕೊಂಡಿತ್ತು. ಹಿಂದಿನ ದಿನ ಸವೆದ ಬ್ರಷ್‌ನಲ್ಲಿ ಗ್ರಿಲ್ ಉಜ್ಜಿದ್ದೆ. ದೀಪದ ಬೆಳಕು ಆ ಕೋನದಲ್ಲಿ ಬೀಳದೇ ಇದ್ದಿದ್ದರೆ ಅದು ಮಗುವಿನ ಗಂಟಲಿಗೆ ಇಳಿಯುತ್ತಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇದು ಎಲ್ಲೋ ಒಮ್ಮೆ ಆಗುವ ಸಂಗತಿಯಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ 2012ರಲ್ಲಿ ಇದರ ಬಗ್ಗೆಯೇ ವರದಿ ಪ್ರಕಟಿಸಿತು. ರೋಡ್ ಐಲೆಂಡ್‌ನ ಪ್ರಾವಿಡೆನ್ಸ್ ನಗರದಲ್ಲಿ 2011ರ ಮಾರ್ಚ್‌ನಿಂದ 2012ರ ಜೂನ್ ಒಳಗೆ ಆರು ಜನ ಇಂತಹ ತಂತಿ ನುಂಗಿ ಆಸ್ಪತ್ರೆಗೆ ಬಂದಿದ್ದರು. ಕೆಲವರಿಗೆ ಕುತ್ತಿಗೆಯಲ್ಲಿ ಸಿಕ್ಕಿತ್ತು, ಕೆಲವರಿಗೆ ಹೊಟ್ಟೆಯೊಳಗೆ. ನಾನು ಈಗ ಬಳಸುವುದು ಮರದ ಹಲಗೆ. ಬಿಸಿ ಕಂಬಿಯ ಮೇಲೆ ತಿಕ್ಕುತ್ತ ಹೋದಂತೆ ಹಲಗೆಯ ಅಂಚಿನಲ್ಲಿ ಕಂಬಿಗಳ ಅಳತೆಗೇ ಗೀರು ಮೂಡುತ್ತದೆ. ಆಮೇಲೆ ಅದು ನಮ್ಮ ಗ್ರಿಲ್‌ಗೇ ಹೊಲಿಸಿದ ಅಂಗಿಯಂತೆ ಕೂರುತ್ತದೆ.

ನ್ಯೂಜೆರ್ಸಿ ಅಮ್ಮ
ಓದಿ ಮೈ ಜುಮ್ಮೆಂದಿತು. ನಮ್ಮ ಮನೆಯ ಬ್ರಷ್ ಈಗಲೇ ಕಸಕ್ಕೆ.

ಕುಂದಾಪುರ ಬಂಗುಡೆ
ಸಂಜೆ ಬರೆಯುತ್ತೇನೆ ಎಂದಿದ್ದೆ, ಬಂದೆ. ಕಾಪು ಅಕ್ಕಾ, ಬ್ರಷ್‌ಗೆ ಅಂಗಡಿಗೆ ಯಾಕೆ ಹೋಗಬೇಕು? ಹಿತ್ತಲಿನಲ್ಲಿ ತೆಂಗಿನ ಸಿಪ್ಪೆ ಬಿದ್ದಿರುತ್ತದಲ್ಲ. ದಪ್ಪ ಸಿಪ್ಪೆಯ ಒಂದು ಎಸಳು ತೆಗೆದುಕೊಂಡು ಅದರ ತುದಿಯನ್ನು ಕಲ್ಲಿನ ಮೇಲಿಟ್ಟು ಜಜ್ಜಿ. ನಾರು ಬಿಡಿಸಿಕೊಂಡು ಕುಂಚವಾಗುತ್ತದೆ. ಅದನ್ನು ನೀರಿನಲ್ಲಿ ಚೆನ್ನಾಗಿ ನೆನೆಸಬೇಕು, ಒಣಗಿದ್ದರೆ ಹೊತ್ತಿಕೊಳ್ಳುತ್ತದೆ. ಮೀನು ತೆಗೆದ ಕೂಡಲೇ, ಕಂಬಿ ಸುಡು ಸುಡು ಇರುವಾಗಲೇ, ಉದ್ದ ಇಕ್ಕಳದಲ್ಲಿ ಹಿಡಿದು ಎಳೆಯಿರಿ. ಚುಂಯ್ ಎಂದು ಆವಿ ಎದ್ದು ಅಂಟಿದ ಮಸಾಲೆ ತಾನಾಗಿ ಬಿಡುತ್ತದೆ. ಐದು ನಿಮಿಷದ ಕೆಲಸ. ಅದನ್ನೇ ಮರುದಿನಕ್ಕೆ ಬಿಟ್ಟರೆ ಒಂದು ಗಂಟೆಯ ಕೆಲಸ. ನಾಲ್ಕು ತಿಂಗಳಿಗೆ ಬಿಟ್ಟರೆ ನಿಮಗೇ ಗೊತ್ತು. ಬೈಯುತ್ತಿಲ್ಲ ಅಕ್ಕಾ, ನಮ್ಮ ಮನೆಯಲ್ಲೂ ಒಂದು ಗ್ರಿಲ್ ಹೀಗೇ ಹೋಗಿದೆ. ಬೇಸರಕ್ಕೆ ಹೇಳಿದೆ.

ಮಾತು ಬಂದಾಗಲೇ ಹೇಳುತ್ತೇನೆ, ಬಂಗುಡೆ ಅಂಟುವುದು ಗ್ರಿಲ್‌ನ ತಪ್ಪಲ್ಲ. ಕಂಬಿ ಕಾಯುವ ಮೊದಲೇ ಮೀನು ಇಟ್ಟರೆ ಅಂಟುತ್ತದೆ. ಹಸಿ ಮಸಾಲೆ ನೀರಾಗಿದ್ದರೆ ಅಂಟುತ್ತದೆ.

ಶಿವಾಜಿನಗರ ಕಬಾಬ್
ಬಂಗುಡೆಯಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮದು ಮೂರು ತಲೆಮಾರಿನ ಕಬಾಬ್ ಗಾಡಿ. ರಂಜಾನ್ ತಿಂಗಳಲ್ಲಿ ಕಂಬಿಗಳು ತಣ್ಣಗಾಗುವುದೇ ಇಲ್ಲ. ತುಂಡು ಇಳಿಸಿದ ಕೂಡಲೇ ಕಂಬಿಯನ್ನು ಒದ್ದೆ ಗೋಣಿತಟ್ಟಿನಲ್ಲಿ ಬಿಗಿಯಾಗಿ ಹಿಡಿದು ಒಂದೇ ಎಳೆತ. ಕಿಟ್ಟ ಗೋಣಿಯಲ್ಲಿ ಉಳಿಯುತ್ತದೆ. ಆಮೇಲೆ ಅರ್ಧ ಕತ್ತರಿಸಿದ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ಸವರುತ್ತೇವೆ. ನಮ್ಮ ಅಪ್ಪ ಇದನ್ನು ನನಗೆ ಕಲಿಸಿದ್ದು ನಾನು ಎಂಟನೇ ತರಗತಿಯಲ್ಲಿದ್ದಾಗ. ಸೋಪು ನಾವು ವಾರಕ್ಕೊಮ್ಮೆ ಮಾತ್ರ ಮುಟ್ಟಿಸುತ್ತೇವೆ.

ಮಡಿಕೇರಿ ಮಳೆ
ಎಲ್ಲರೂ ಜಾಲರಿಯ ಹಿಂದೆ ಬಿದ್ದಿದ್ದೀರಿ. ಗ್ರಿಲ್ ಸಾಯುವುದು ಕೆಳಗಿನಿಂದ, ಬೂದಿಯಿಂದ. ನಮ್ಮಲ್ಲಿ ಮಳೆಗಾಲದ ತೇವ ಗೋಡೆಯಿಂದಲೇ ಒಸರುತ್ತದೆ, ಅದಕ್ಕೇ ಇದು ನನಗೆ ಚೆನ್ನಾಗಿ ಗೊತ್ತು. ಬೂದಿ ಗಾಳಿಯ ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಅದರ ಜೊತೆ ಇಳಿದ ಕೊಬ್ಬು, ಉಪ್ಪು, ಮಸಾಲೆಯ ಹುಳಿ. ಒದ್ದೆ ಬಟ್ಟೆಯನ್ನು ಕಬ್ಬಿಣದ ಪೆಟ್ಟಿಗೆಯಲ್ಲಿ ಮಡಿಸಿಟ್ಟಂತೆ. ಮೊದಲು ತೂತಾಗುವುದು ತಳವೇ, ಅದೂ ಗಾಳಿಕಿಂಡಿಯ ಸುತ್ತ. ಅಕ್ಕಾ, ಆ ಗಾರೆ ತೆಗೆದು ತಳಕ್ಕೆ ಟಾರ್ಚ್ ಬಿಟ್ಟು ನೋಡಿ.

ಕಾಪು ಕಡಲು
ಈಗಷ್ಟೇ ಮರದ ಸಟ್ಟುಗದಿಂದ ಕೆತ್ತಿ ತೆಗೆದು ನೋಡಿದೆ. ಗಾಳಿಕಿಂಡಿಯ ಪಕ್ಕದಲ್ಲಿ ನಾಲ್ಕಾಣೆಯಷ್ಟು ಅಗಲಕ್ಕೆ ಎನಾಮಲ್ ಹಾರಿದೆ, ಕಬ್ಬಿಣ ತೆಳ್ಳಗಾಗಿದೆ. ತೂತಾಗಿಲ್ಲ. ಕೆಳಗಿನ ಬೂದಿ ತಟ್ಟೆ ಮಾತ್ರ ತೂತು. ನೀವು ಹೇಳಿದ ಜಾಗವೇ!

ಲೋಹದ ಮೇಷ್ಟ್ರು
ಮಡಿಕೇರಿಯವರು ಹೇಳಿದ ಕಾರಣ ಸರಿಯಾಗಿದೆ. ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇರುತ್ತದೆ, ನೀರು ಸೇರಿದರೆ ಕ್ಷಾರ. ಉಕ್ಕು ಕ್ಷಾರವನ್ನು ತಾಳಿಕೊಳ್ಳುತ್ತದೆ, ಆದರೆ ತೇವ ಮತ್ತು ಉಪ್ಪು ಕೂಡಿ ಸದಾ ಅಂಟಿಕೊಂಡಿರುವುದನ್ನು ತಾಳುವುದಿಲ್ಲ. ತಟ್ಟೆ ಅಲ್ಯೂಮಿನಿಯಂ ಆಗಿದ್ದರೆ ಕ್ಷಾರವೇ ಅದನ್ನು ಕೊರೆಯುತ್ತದೆ. ಅದೇ ಕಾರಣಕ್ಕೆ ಓವನ್ ತೊಳೆಯುವ ಕಾಸ್ಟಿಕ್ ದ್ರಾವಣವನ್ನೂ ಅಲ್ಯೂಮಿನಿಯಂ ಭಾಗಕ್ಕೆ ಹಾಕಬಾರದು.

ಹುಬ್ಬಳ್ಳಿ ರೊಟ್ಟಿ
ಬೂದಿಯಿಂದಲೇ ನಾವು ಪಾತ್ರೆ ತಿಕ್ಕಿ ಬೆಳೆದವರು. ಜಿಡ್ಡು ಹೋಗುತ್ತಿದ್ದದ್ದು ಆ ಕ್ಷಾರದಿಂದಲೇ ಅಲ್ಲವೇ ಸರ್? ಹಾಗಾದರೆ ಮುಚ್ಚಳದ ಜಿಡ್ಡಿಗೆ ಒಣಬೂದಿ ಮತ್ತು ತೆಂಗಿನ ನಾರು ಸಾಕಲ್ಲ.

ಲೋಹದ ಮೇಷ್ಟ್ರು
ಸಾಕು, ಜರಡಿ ಹಿಡಿದ ನುಣುಪು ಬೂದಿಯಾದರೆ. ಕಲ್ಲಿನ ಚೂರಿದ್ದರೆ ಎನಾಮಲ್ ಗೀರುತ್ತದೆ. ತಿಕ್ಕಿ ಮುಗಿದ ಮೇಲೆ ಪೂರ್ತಿ ತೊಳೆಯಬೇಕು.

ಮಡಿಕೇರಿ ಮಳೆ
ಬೂದಿಯ ಬಗ್ಗೆಯೇ ಇನ್ನೊಂದು ಮಾತು. ತೆಗೆಯಬೇಕು ಎಂದ ತಕ್ಷಣ ಬಿಸಿಬಿಸಿಯಾಗಿ ತೆಗೆಯಬೇಡಿ. ನಮ್ಮ ಪಕ್ಕದ ತೋಟದಲ್ಲಿ ರಾತ್ರಿ ಹಂದಿಮಾಂಸ ಸುಟ್ಟು, ಬೆಳಗ್ಗೆ "ಆರಿದೆ" ಎಂದು ಬೂದಿಯನ್ನು ರಟ್ಟಿನ ಪೆಟ್ಟಿಗೆಗೆ ತುಂಬಿ ಸೌದೆ ಕೊಟ್ಟಿಗೆಯ ಪಕ್ಕ ಇಟ್ಟಿದ್ದರು. ಮಧ್ಯಾಹ್ನದ ಹೊತ್ತಿಗೆ ಕೊಟ್ಟಿಗೆಗೆ ಬೆಂಕಿ. ಬೂದಿಯ ಹೊದಿಕೆಯೊಳಗೆ ಕೆಂಡ ಒಂದು ದಿನಕ್ಕೂ ಮೀರಿ ಜೀವ ಹಿಡಿದಿರುತ್ತದೆ. ಮುಚ್ಚಳವಿರುವ ತಗಡಿನ ಡಬ್ಬಕ್ಕೇ ಹಾಕಬೇಕು, ಅದೂ ನೆಲದ ಮೇಲೆ, ಮನೆಯಿಂದ ದೂರ.

ಡಲ್ಲಾಸ್ ಕನ್ನಡಿಗ
ಅದಕ್ಕೇ ಗುಂಡು ಗ್ರಿಲ್‌ನ ಮುಚ್ಚಳ ಬಹಳ ಉಪಯೋಗ. ಊಟವಾದ ಮೇಲೆ ಮುಚ್ಚಿ ಮೇಲಿನ, ಕೆಳಗಿನ ಕಿಂಡಿ ಎರಡನ್ನೂ ಬಂದ್ ಮಾಡಿ. ಗಾಳಿಯಿಲ್ಲದೆ ಕೆಂಡ ಸಾಯುತ್ತದೆ, ಉಳಿದ ಇದ್ದಿಲು ಮುಂದಿನ ಸಲಕ್ಕೆ ಬರುತ್ತದೆ. ಈ ಗುಂಡು ಆಕಾರದ ಕಥೆ ಕಾಪುವಿನವರಿಗೆ ಇಷ್ಟವಾಗಬಹುದು. 1952ರಲ್ಲಿ ಷಿಕಾಗೊದ ವೆಬರ್ ಬ್ರದರ್ಸ್ ಮೆಟಲ್ ವರ್ಕ್ಸ್‌ನಲ್ಲಿ ಕೆಲಸ ಮಾಡುತ್ತಿದ್ದ ಜಾರ್ಜ್ ಸ್ಟೀಫನ್ ಎಂಬುವರು, ನೀರಿನಲ್ಲಿ ಹಡಗುಗಳಿಗೆ ಗುರುತಾಗಿ ತೇಲಿಬಿಡುವ ಲೋಹದ ಗೋಳವನ್ನು ಅಡ್ಡಕ್ಕೆ ಕತ್ತರಿಸಿ, ಕೆಳಗಿನ ಅರ್ಧಕ್ಕೆ ಕಾಲು, ಮೇಲಿನ ಅರ್ಧಕ್ಕೆ ಹಿಡಿ ಹಚ್ಚಿ ಮಾಡಿದ್ದು ಇದು. ಗಾಳಿಯ ಕಾಟ ತಡೆಯಲಾರದೆ ಹುಡುಕಿದ ಉಪಾಯ.

ಕಾಪು ಕಡಲು
ನಮ್ಮ ದೀಪಸ್ತಂಭದ ಎದುರಿನ ಗಾಳಿ ನೋಡಿದರೆ ಅವರ ಕಷ್ಟ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಜಯನಗರ ತಾರಸಿ
ಒಂದು ಸಂಬಂಧಪಟ್ಟ ಪ್ರಶ್ನೆ. ಮಳೆ ಬಂದರೆ ಗ್ರಿಲ್ ಅನ್ನು ಗಾಜು ಮುಚ್ಚಿದ ಬಾಲ್ಕನಿಗೆ ತರಬಹುದೇ? ಒಂದು ಕಿಟಕಿ ತೆರೆದಿಟ್ಟರೆ ಸಾಕೇ?

ಮಡಿಕೇರಿ ಮಳೆ
ಬೇಡ. ಬೇಡವೇ ಬೇಡ.

ಡಲ್ಲಾಸ್ ಕನ್ನಡಿಗ
ಇದ್ದಿಲು ಉರಿದಾಗ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತೂಕಡಿಕೆ ಎಂದುಕೊಳ್ಳುವುದರೊಳಗೆ ಎಚ್ಚರ ತಪ್ಪಿರುತ್ತದೆ. ಹೊಗೆ ನಿಂತ ಮೇಲೆ ಉಳಿಯುವ ಕೆಂಪು ಕೆಂಡವೂ ಅದನ್ನು ಬಿಡುತ್ತಲೇ ಇರುತ್ತದೆ. ಚಳಿಗೆಂದು ಕೆಂಡದ ಒಲೆ ಕೋಣೆಗೆ ತಂದು ಮಲಗಿ ಜೀವ ಕಳೆದುಕೊಂಡವರ ಸುದ್ದಿ ನಮ್ಮೂರ ಪತ್ರಿಕೆಗಳಲ್ಲೇ ಎಷ್ಟು ಬಾರಿ ಬಂದಿಲ್ಲ! ಮಳೆ ಬಂದರೆ ಆ ದಿನ ಒಳಗೆ ಕಾವಲಿಯ ಮೇಲೆ ಮಾಡಿಕೊಳ್ಳಿ.

ಜಯನಗರ ತಾರಸಿ
ಕೇಳಿದ್ದು ಒಳ್ಳೆಯದಾಯಿತು. ಮನೆಯವರಿಗೂ ಈಗಲೇ ಓದಿ ಹೇಳುತ್ತೇನೆ.

ನ್ಯೂಜೆರ್ಸಿ ಅಮ್ಮ
ಸ್ವಚ್ಛತೆಯ ಮಾತು ಬಂದಿದೆ, ನನ್ನದೂ ಒಂದು ಕೇಳಿ. ಬೇಸಿಗೆಯಲ್ಲಿ ನಮ್ಮ ಕನ್ನಡ ಕೂಟದ ಪಿಕ್ನಿಕ್ ಪಾರ್ಕಿನಲ್ಲಿ ನಡೆಯುತ್ತದೆ. ಅಲ್ಲಿ ನೆಲಕ್ಕೆ ಹೂತ ಸಾರ್ವಜನಿಕ ಗ್ರಿಲ್‌ಗಳಿರುತ್ತವೆ. ನಾವು ಕೆಲವರು ಜೋಳದ ತೆನೆ, ಗೊಜ್ಜಿಗೆ ಬದನೆಕಾಯಿ ಸುಡುವವರು. ಹಿಂದಿನವರು ಅದರ ಮೇಲೆ ಏನು ಸುಟ್ಟಿದ್ದರೋ ಗೊತ್ತಿಲ್ಲ. ಎಷ್ಟು ಉಜ್ಜಿದರೂ ಮನಸ್ಸು ಒಪ್ಪುವುದಿಲ್ಲ. ಏನು ಮಾಡುತ್ತೀರಿ?

ಸಕಲೇಶಪುರ ತೋಟ
ಬೆಂಕಿಗೆ ಮೈಲಿಗೆ ಇಲ್ಲ ಅಮ್ಮ. ಕಾಲು ಗಂಟೆ ಉರಿ ಕೊಟ್ಟರೆ ಹಳೆಯದೆಲ್ಲ ಭಸ್ಮ.

ನ್ಯೂಜೆರ್ಸಿ ಅಮ್ಮ
ನಿಮ್ಮ ವಾದ ಸರಿಯಿರಬಹುದು, ನನ್ನ ಅತ್ತೆ ಅದನ್ನು ಕೇಳಿ ತೆನೆ ತಿನ್ನುವುದಿಲ್ಲ. ಎಂಬತ್ತು ವರ್ಷದ ನಡೆಯನ್ನು ಪಾರ್ಕಿನಲ್ಲಿ ನಿಂತು ಬದಲಿಸಲು ನಾನು ಹೋಗುವುದಿಲ್ಲ.

ಶಿವಾಜಿನಗರ ಕಬಾಬ್
ಅಮ್ಮಾ, ನಮ್ಮ ಗಾಡಿಯಲ್ಲಿ ಪನೀರ್ ತಿನ್ನುವವರಿಗೆ ಬೇರೆ ಕಂಬಿ, ಬೇರೆ ಇಕ್ಕಳ, ಬೇರೆ ಕುಂಚ. ಕಂಬಿಯ ಹಿಡಿಗೆ ಹಸಿರು ದಾರ ಸುತ್ತಿರುತ್ತೇವೆ. ಬದನೆಕಾಯಿ ಸುಡಲು ಒಂದು ಸಣ್ಣ ಸ್ಟೀಲ್ ಜಾಲರಿಯನ್ನು ಮನೆಯಿಂದಲೇ ಒಯ್ದು, ಅವರ ಜಾಲರಿಯನ್ನು ಪಕ್ಕಕ್ಕಿಟ್ಟು ನಾಲ್ಕು ಇಟ್ಟಿಗೆಯ ಮೇಲೆ ಕೂರಿಸಿ. ವಾದವೂ ಇಲ್ಲ, ಸಂಕಟವೂ ಇಲ್ಲ.

ನ್ಯೂಜೆರ್ಸಿ ಅಮ್ಮ
ಹಸಿರು ದಾರ! ಬಹಳ ಚೆನ್ನಾಗಿದೆ. ಹಾಗೇ ಮಾಡುತ್ತೇನೆ.

ಸಕಲೇಶಪುರ ತೋಟ
ಬದನೆಕಾಯಿ ನೇರವಾಗಿ ಕೆಂಡದಲ್ಲೇ ಹೂತು ಸುಡಬೇಕು. ಜಾಲರಿಯ ಮೇಲೆ ಸುಟ್ಟದ್ದಕ್ಕೆ ಆ ರುಚಿ ಬರುವುದಿಲ್ಲ.

ಹುಬ್ಬಳ್ಳಿ ರೊಟ್ಟಿ
ಅದಕ್ಕೂ ಮೊದಲು ಎಣ್ಣೆ ಸವರಿ ನಾಲ್ಕು ಕಡೆ ಚುಚ್ಚಬೇಕು, ಇಲ್ಲದಿದ್ದರೆ ಒಡೆದು ಸಿಡಿಯುತ್ತದೆ.

ನಿರ್ವಾಹಕ
ಬದನೆಕಾಯಿಗೆ ಬೇರೆ ಚರ್ಚೆ ತೆರೆಯೋಣ. ಇಲ್ಲಿ ಗ್ರಿಲ್ ಮುಗಿಯಲಿ.

ಕಾಪು ಕಡಲು
ಹೊಸ ಜಾಲರಿ ಎಲ್ಲಿಂದ ತರಲಿ? ಆನ್‌ಲೈನ್‌ನಲ್ಲಿ ನಮ್ಮ ಅಳತೆಯದು ಸಿಗುತ್ತಿಲ್ಲ. ಸಿಕ್ಕದ್ದೂ ಅದೇ ಹೊಳೆಯುವ ಲೇಪದ್ದು.

ಲೋಹದ ಮೇಷ್ಟ್ರು
ಉಡುಪಿಯಲ್ಲಿ ಸ್ಟೀಲ್ ರೇಲಿಂಗ್ ಮಾಡುವ ವರ್ಕ್‌ಶಾಪ್‌ಗಳು ಬೇಕಾದಷ್ಟಿವೆ. ಹಳೆಯ ಜಾಲರಿಯನ್ನೇ ಅಳತೆಗೆ ಒಯ್ಯಿರಿ. ಆರು ಮಿಲಿಮೀಟರ್ ದಪ್ಪದ 304 ದರ್ಜೆಯ ಸ್ಟೇನ್‌ಲೆಸ್ ಸರಳು ಕೇಳಿ. ಬೆಸುಗೆಗೂ ಸ್ಟೇನ್‌ಲೆಸ್ ಕಡ್ಡಿಯನ್ನೇ ಬಳಸಲು ಒತ್ತಿ ಹೇಳಿ; ಸಾಮಾನ್ಯ ಕಡ್ಡಿಯಲ್ಲಿ ಬೆಸೆದರೆ ಒಂದೇ ತಿಂಗಳಿಗೆ ಪ್ರತಿ ಕೂಡುಗಡೆಯಲ್ಲೂ ಕೆಂಪು ಚುಕ್ಕೆ ಏಳುತ್ತದೆ. ಜೇಬಿನಲ್ಲಿ ಒಂದು ಅಯಸ್ಕಾಂತ ಇರಲಿ. 304ಕ್ಕೆ ಅದು ಹಿಡಿಯುವುದಿಲ್ಲ, ಅಥವಾ ಬಗ್ಗಿಸಿದ ಜಾಗದಲ್ಲಿ ಬಹಳ ಸಡಿಲವಾಗಿ ಹಿಡಿಯುತ್ತದೆ. ಟಪ್ಪೆಂದು ಅಂಟಿಕೊಂಡರೆ ಅದು 430 ಅಥವಾ ಅದಕ್ಕಿಂತ ಕೆಳಗಿನದು. ಅಡುಗೆಮನೆಗೆ ಸರಿ, ಕಡಲ ತೀರಕ್ಕೆ ಸಾಲದು. 316 ಇನ್ನೂ ಒಳ್ಳೆಯದು, ಅದರಲ್ಲಿ ಮಾಲಿಬ್ಡಿನಂ ಇದೆ, ಉಪ್ಪನ್ನು ಚೆನ್ನಾಗಿ ತಡೆಯುತ್ತದೆ. ಬೆಲೆಯೂ ಹೆಚ್ಚು. ಒಂದು ಜಾಲರಿಗೆ 304 ಸಾಕು, ನೀವು ಒರೆಸಿ ಇಡುವುದಾದರೆ.

ಕುಂದಾಪುರ ಬಂಗುಡೆ
ತೊಳೆಯುವ ನೀರಿನ ಮೇಲೂ ಕಣ್ಣಿರಲಿ ಅಕ್ಕಾ. ಕಡಲ ಬದಿಯ ಬಾವಿ ಬೇಸಿಗೆಯಲ್ಲಿ ಉಪ್ಪಾಗುತ್ತದೆ. ಆ ನೀರಿನಲ್ಲಿ ತೊಳೆದು ಬಿಸಿಲಿಗಿಟ್ಟರೆ ಬಿಳಿ ಕಲೆ ಕೂರುತ್ತದೆ, ಅದು ಉಪ್ಪೇ. ಕೊನೆಯ ಒಂದು ಬಕೆಟ್ ಸಿಹಿನೀರು ಇರಲಿ.

ಕಾಪು ಕಡಲು
ಹೌದು, ಏಪ್ರಿಲ್‌ನಲ್ಲಿ ನಮ್ಮ ಬಾವಿಯ ನೀರು ಬಾಯಿಗೆ ಹಾಕಲು ಆಗುವುದಿಲ್ಲ. ಇದು ನನಗೆ ಹೊಳೆದೇ ಇರಲಿಲ್ಲ. ಇನ್ನು ಎಣ್ಣೆ ಯಾವುದು? ನಮ್ಮ ಮನೆಯಲ್ಲಿ ತೆಂಗಿನೆಣ್ಣೆ ಬಿಟ್ಟು ಬೇರೆ ಇಲ್ಲ.

ಹುಬ್ಬಳ್ಳಿ ರೊಟ್ಟಿ
ಅಗಸೆ ಎಣ್ಣೆ. ಬೀಡಿಗೆ, ಕಬ್ಬಿಣಕ್ಕೆ ಅದರಂತಹ ಎಣ್ಣೆ ಇಲ್ಲ.

ಶಿವಾಜಿನಗರ ಕಬಾಬ್
ನಮ್ಮದು ಕಡಲೆಕಾಯಿ ಎಣ್ಣೆ. ಅಗಸೆ ಎಣ್ಣೆ ಹಚ್ಚಿ ನೋಡಿದ್ದೇವೆ, ಮೊದಲು ಕನ್ನಡಿ, ಆಮೇಲೆ ಚಕ್ಕೆ ಚಕ್ಕೆ.

ಲೋಹದ ಮೇಷ್ಟ್ರು
ಇಬ್ಬರೂ ಕಂಡದ್ದನ್ನೇ ಹೇಳುತ್ತಿದ್ದೀರಿ. ಎಣ್ಣೆ ಕಾದು ಗಟ್ಟಿ ಪದರವಾಗುವುದು ಅದರಲ್ಲಿರುವ ಅಪರ್ಯಾಪ್ತ ಕೊಬ್ಬಿನಿಂದ. ಅದನ್ನು ಅಳೆಯುವ ಅಯೋಡಿನ್ ಮೌಲ್ಯ ತೆಂಗಿನೆಣ್ಣೆಗೆ ಹತ್ತರ ಆಸುಪಾಸು, ಸೂರ್ಯಕಾಂತಿಗೆ 120ರ ಮೇಲೆ, ಅಗಸೆಗೆ 170ರ ಮೇಲೆ. ತೆಂಗಿನೆಣ್ಣೆ ಪದರ ಕಟ್ಟುವುದಿಲ್ಲ, ಜಿಡ್ಡಾಗಿ ಉಳಿಯುತ್ತದೆ. ಅಗಸೆ ಬೇಗ ಕಟ್ಟುತ್ತದೆ, ಆದರೆ ದಪ್ಪ ಬಳಿದರೆ ಒಡೆಯುತ್ತದೆ. ಸೂರ್ಯಕಾಂತಿ ಎಣ್ಣೆಯನ್ನು ಬಟ್ಟೆಗೆ ಎರಡು ಹನಿ ಹಾಕಿ, ಒರೆಸಿ, ಮತ್ತೆ ಒಣಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಕಂಡೂ ಕಾಣದಷ್ಟು ಉಳಿದರೆ ಅದೇ ಸರಿಯಾದ ಅಳತೆ. ಸ್ಟೇನ್‌ಲೆಸ್‌ಗೆ ಪಳಗಿಸುವ ಅಗತ್ಯವಿಲ್ಲ, ಅಂಟದಿರಲು ಸವರಿದರೆ ಸಾಕು. ಬೋಗುಣಿಯಲ್ಲಿ ಎನಾಮಲ್ ಹಾರಿದ ಆ ಜಾಗಕ್ಕೆ ಮಾತ್ರ ಹೀಗೆ ಮೂರು ನಾಲ್ಕು ಸಲ ಮಾಡಿ.

ಮಡಿಕೇರಿ ಮಳೆ
ಹೊದಿಕೆಯ ವಿಷಯ ಬಿಟ್ಟುಹೋಯಿತು. ಪ್ಲಾಸ್ಟಿಕ್ ಬಿಗಿದು ಕಟ್ಟಿದ್ದೇ ಬೂಷ್ಟಿಗೆ ಕಾರಣ. ಒಳಗಿನ ತೇವಕ್ಕೆ ದಾರಿಯೇ ಇಲ್ಲ. ಮಳೆಗಾಲಕ್ಕೆ ಬಿಡಿಸಿ, ಒಣಗಿಸಿ, ಜಾಲರಿಗೆ ಎಣ್ಣೆ ಒರೆಸಿ, ಪತ್ರಿಕೆಯಲ್ಲಿ ಸುತ್ತಿ ಅಡುಗೆಮನೆಯ ಅಟ್ಟದಲ್ಲಿಡಿ. ಬೋಗುಣಿಯ ಕಿಂಡಿಗಳು ತೆರೆದೇ ಇರಲಿ. ಉಳಿದ ಇದ್ದಿಲನ್ನೂ ಅದರೊಳಗೆ ಬಿಡಬೇಡಿ, ಅದೂ ತೇವ ಕುಡಿಯುತ್ತದೆ.

ಡಲ್ಲಾಸ್ ಕನ್ನಡಿಗ
ಗ್ಯಾಸ್ ಗ್ರಿಲ್ ಇರುವವರಿಗೂ ಒಂದು ಸಾಲು: ತಿಂಗಳುಗಟ್ಟಲೆ ಬಿಟ್ಟಿದ್ದರೆ ಬರ್ನರ್ ಕೊಳವೆಯೊಳಗೆ ಜೇಡ ಬಲೆ ಕಟ್ಟಿರುತ್ತದೆ. ಜ್ವಾಲೆ ನೀಲಿ ಹೋಗಿ ಹಳದಿಯಾದರೆ, ಒಂದು ಕಡೆ ಮಾತ್ರ ಉರಿದರೆ ಅದೇ ಇರಬಹುದು. ಕೊಳವೆ ಬಿಚ್ಚಿ ಬಾಟಲಿ ತೊಳೆಯುವ ಕುಂಚ ತೂರಿಸಿ. ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡದೆ ಗ್ರಿಲ್ ಹೊತ್ತಿಸಬೇಡಿ. ಕೆಳಗಿನ ಜಿಡ್ಡಿನ ತಟ್ಟೆ ತುಂಬಿ ಹೊತ್ತಿಕೊಂಡರೆ ನೀರು ಸುರಿಯಬೇಡಿ. ಗ್ಯಾಸ್ ನಿಲ್ಲಿಸಿ, ಮುಚ್ಚಳ ಹಾಕಿ.

ಸಕಲೇಶಪುರ ತೋಟ
ಮೇಷ್ಟ್ರೇ, ನಿಮ್ಮ ಮಾತಿಗೆ ನಿನ್ನೆ ಸಿಟ್ಟು ಬಂದಿತ್ತು. ಇವತ್ತು ನಮ್ಮ ವೆಲ್ಡರ್ ಹುಡುಗನನ್ನು ಕೇಳಿದೆ. ಜಿಐ ಪೈಪು ಬೆಸೆದ ರಾತ್ರಿ ಚಳಿಜ್ವರ ಬರುವುದು ಅವನಿಗೆ ಮಾಮೂಲಂತೆ. ಮೆಶ್ ಕಿತ್ತು ಬೇಲಿಗೇ ಕಟ್ಟಿದೆ. ಸ್ಟೀಲ್ ಸರಳಿನದು ಮಾಡಿಸಲು ಹೇಳಿದ್ದೇನೆ. ನಮ್ಮ ಮನೆಗೆ ಬಂದವರು ನಮ್ಮನ್ನು ನಂಬಿ ಉಣ್ಣುತ್ತಾರೆ.

ಲೋಹದ ಮೇಷ್ಟ್ರು
ಬಹಳ ಸಂತೋಷವಾಯಿತು ತೋಟದವರೇ.

ಕಾಪು ಕಡಲು
ಎರಡು ವಾರದ ನಂತರ ಬರೆಯುತ್ತಿದ್ದೇನೆ. ಮೊದಲ ದಿನ ಒಣ ಪತ್ರಿಕೆಯಿಂದ ಮುಚ್ಚಳದ ಚಕ್ಕೆ ಕೆಡವಿದೆ, ಎರಡು ಮುಷ್ಟಿ ಬಂತು. ಹಳೆಯ ಜಾಲರಿ ಹೊರಗಿಟ್ಟು, ಬೋಗುಣಿಯಲ್ಲಿ ತೆಂಗಿನ ಗೆರಟೆ ತುಂಬಿ ಅರ್ಧ ಗಂಟೆ ಉರಿಸಿದೆ. ಬೂಷ್ಟಿನ ವಾಸನೆ ಪೂರ್ತಿ ಹೋಯಿತು. ಮರುದಿನ ಆರಿದ ಮೇಲೆ ಸೋಡಾ ನೀರು, ತೆಂಗಿನ ನಾರು. ತುಕ್ಕಿನ ಜಾಗಕ್ಕೆ ಹುಣಸೆ ಹಿಂಡಿ ಹಚ್ಚಿ ಹತ್ತು ನಿಮಿಷ ಬಿಟ್ಟು ತೊಳೆದು ಎಣ್ಣೆ ಕಾಯಿಸಿದೆ. ಈಗ ಅದು ಕಾವಲಿಯಂತೆ ಕಪ್ಪಗೆ ನುಣುಪಾಗಿದೆ.

ಜಾಲರಿಯನ್ನು ಉಡುಪಿಯಲ್ಲಿ ಮಾಡಿಸಿದೆ. ಮೊದಲ ಅಂಗಡಿಯ ಸರಳಿಗೆ ಅಯಸ್ಕಾಂತ ಟಪ್ಪೆಂದು ಅಂಟಿತು, ಎದ್ದು ಬಂದೆ. ಎರಡನೆಯ ಅಂಗಡಿಯವರು ಅಯಸ್ಕಾಂತ ನೋಡಿದ ಕೂಡಲೇ ಒಳಗಿನಿಂದ ಬೇರೆ ಕಟ್ಟು ತಂದರು. ಸಾವಿರದ ಇನ್ನೂರು ರೂಪಾಯಿಯಾಯಿತು. ಬೂದಿ ತಟ್ಟೆಗೆ ಹಳೆಯ ಸ್ಟೀಲ್ ಹರಿವಾಣ ಸರಿಯಾಗಿ ಕೂತಿದೆ. ಗುಜರಿ ಎಂದಿದ್ದ ಅಮ್ಮ ನಿನ್ನೆ ತಾವೇ ಸಿಪ್ಪೆ ಜಜ್ಜಿ ಎರಡು ಕುಂಚ ಮಾಡಿಟ್ಟಿದ್ದರು.

ಕುಂದಾಪುರ ಬಂಗುಡೆ
ಅದೆಲ್ಲ ಸರಿ ಅಕ್ಕಾ, ಬಂಗುಡೆ ಅಂಟಿತೇ?

ಕಾಪು ಕಡಲು
ಎರಡು ಅಂಟಿದವು. ಮಕ್ಕಳು ತಡೆಯಲಾರದೆ ಕಂಬಿ ಕಾಯುವ ಮೊದಲೇ ಇಟ್ಟದ್ದು. ಉಳಿದ ಹನ್ನೆರಡೂ ಚರ್ಮದ ಸಮೇತ ಎದ್ದು ಬಂದವು. ತಮ್ಮನ ಚಿಕ್ಕ ಮಗಳು ಒದ್ದೆ ಸಿಪ್ಪೆಯಿಂದ ಚುಂಯ್ ಎನ್ನಿಸುವುದು ತನ್ನದೇ ಕೆಲಸ ಎಂದು ಹಟ ಹಿಡಿದಳು, ಇಕ್ಕಳವನ್ನು ನಾನೂ ಹಿಡಿದುಕೊಂಡೇ ಮಾಡಿಸಿದೆ. ರಾತ್ರಿ ಕಿಂಡಿ ಮುಚ್ಚಿ ಮಲಗಿದೆವು. ಇವತ್ತು ಸಂಜೆ ಬೂದಿ ತೆಗೆದು ತಗಡಿನ ಡಬ್ಬಕ್ಕೆ ಹಾಕಿ ಈಗಷ್ಟೇ ಒಳಗೆ ಬಂದೆ.